ಮಗನ ಫಿಟ್ಸ್ ಮಾತ್ರೆ ನಿಂತಿತು, ಇಷ್ಟು ಜನಕ್ಕೆ ಥ್ಯಾಂಕ್ಸ್ ಹೇಳಬೇಕು

ಎಲ್ಲರಿಗೂ ನಮಸ್ಕಾರ. ಹೋದ ವಾರ ಡಾಕ್ಟರು ನಮ್ಮ ಮಗನ ಮಾತ್ರೆ ನಿಲ್ಲಿಸಿದರು. ಇನ್ನು ಬೇಡ, ನೀರು ಮಾತ್ರ ಉಗುರು ಬೆಚ್ಚಗೆ ಇರಲಿ ಅಂದರು. ವಿಷಯ ಗೊತ್ತಾದವರೆಲ್ಲ ಫೋನ್ ಮಾಡಿ ಖುಷಿಪಟ್ಟಿದ್ದೀರಿ. ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ಇಲ್ಲೇ ಬರೆಯೋಣ ಅನ್ನಿಸಿತು. ಯಾಕೆಂದರೆ ನಾನು ಥ್ಯಾಂಕ್ಸ್ ಹೇಳಬೇಕಾದವರಲ್ಲಿ ಅರ್ಧ ಜನ ನಮ್ಮನ್ನು ನೋಡಿಯೇ ಇಲ್ಲ.

ಅವನಿಗೆ ಇದ್ದದ್ದು ಬಿಸಿನೀರಿನ ಫಿಟ್ಸ್. ಹೌದು, ಹಾಗೊಂದು ಇದೆ. ನಮ್ಮದು ಶ್ರೀನಿವಾಸಪುರದ ಕಡೆ ಊರು, ಈಗಲೂ ಹಂಡೆ ಒಲೆ. ಚಳಿಗಾಲದಲ್ಲಿ ನೀರು ಹಬೆಯಾಡುವ ಹಾಗೆ ಕಾಯಿಸಿ ತಲೆಗೆ ಚೊಂಬಿನ ಮೇಲೆ ಚೊಂಬು ಹಾಕಿದರೇನೇ ಸ್ನಾನ ಮಾಡಿದ ಹಾಗೆ, ಅಲ್ವಾ? ನಮ್ಮ ಹುಡುಗ ಎರಡು ಚೊಂಬು ಬೀಳುವಷ್ಟರಲ್ಲಿ ಮಾತು ನಿಲ್ಲಿಸುತ್ತಿದ್ದ. ಕಣ್ಣು ಎಲ್ಲೋ ನೆಟ್ಟಿರುತ್ತಿತ್ತು. ಆದರೆ ಕೈ ಮಾತ್ರ ನಿಲ್ಲುತ್ತಿರಲಿಲ್ಲ, ಹಂಡೆಯಿಂದ ಮೊಗೆದು ಮೊಗೆದು ತಲೆ ಮೇಲೆ ಸುರಿದುಕೊಳ್ಳುತ್ತಲೇ ಇರುತ್ತಿದ್ದ, ಕೂಗಿದರೂ ಕೇಳಿಸುತ್ತಿರಲಿಲ್ಲ, ಚೊಂಬು ಕಿತ್ತುಕೊಂಡರೆ ಬರಿಗೈಯಲ್ಲೇ ನೀರು ಎತ್ತುತ್ತಿದ್ದ. ಒಂದು ಸಲ ಬಚ್ಚಲಲ್ಲೇ ಬಿದ್ದು ಕೈಕಾಲು ಸೆಟೆದುಕೊಂಡವು.

ಗಾಳಿ ಸೋಕಿದೆ ಅಂದವರಿದ್ದಾರೆ, ತಾಯತ ಕಟ್ಟಿಸಿ ಅಂದವರಿದ್ದಾರೆ. ಒಂದು ಕಡೆ ನಿಶ್ಶಕ್ತಿ ಅಂತ ಟಾನಿಕ್ ಬರೆದುಕೊಟ್ಟರು. ದಾರಿ ಕಾಣಿಸಿದ್ದು ನಮ್ಮ ಆಶಾ ಅಕ್ಕ. ಕೋಲಾರ ಜಿಲ್ಲಾಸ್ಪತ್ರೆಯಲ್ಲೇ ನರರೋಗದ ಕ್ಲಿನಿಕ್ ಇದೆ, ಬೆಂಗಳೂರಿಗೆ ಓಡಬೇಡಿ ಅಂತ ಹೇಳಿ ತಾನೇ ಜೊತೆಗೆ ಬಂದರು. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಶುರು ಮಾಡಿದ ಬ್ರೈನ್ ಹೆಲ್ತ್ ಕಾರ್ಯಕ್ರಮದಲ್ಲಿ ಮೊದಲು ಆರಿಸಿಕೊಂಡ ಜಾಗಗಳಲ್ಲಿ ನಮ್ಮ ಕೋಲಾರ, ಪಕ್ಕದ ಚಿಕ್ಕಬಳ್ಳಾಪುರ ಎರಡೂ ಇದ್ದವು. ಅಕ್ಕಾ, ನೀವು ಅವತ್ತು ಬರದೇ ಇದ್ದಿದ್ದರೆ ನಾವು ಇನ್ನೂ ಎಲ್ಲೆಲ್ಲಿ ಅಲೆಯುತ್ತಿದ್ದೆವೋ.

ಅಲ್ಲಿದ್ದ ಡಾಕ್ಟರಮ್ಮ ಸ್ಕ್ಯಾನ್ ಮಾತು ಎತ್ತುವ ಮೊದಲು ಬಚ್ಚಲಮನೆ ವಿಷಯ ಕೇಳಿದರು. ನೀರು ತಲೆಗೆ ಬಿದ್ದಾಗಲಾ, ಮೈಗೆ ಬಿದ್ದಾಗಲಾ? ಎಷ್ಟು ಬಿಸಿ? ಚೊಂಬಾ, ಶವರಾ? ಮನೆಯಲ್ಲಿ ಇನ್ಯಾರಿಗಾದರೂ ಹೀಗೆ ಆಗಿತ್ತಾ? ನಮ್ಮ ಅತ್ತೆ ಆಗ ಮೊದಲ ಸಲ ಬಾಯಿ ಬಿಟ್ಟರು: ತಮ್ಮ ತಮ್ಮನಿಗೂ ಚಿಕ್ಕಂದಿನಲ್ಲಿ ಹೀಗೇ ಆಗುತ್ತಿತ್ತಂತೆ. ಅಷ್ಟು ವರ್ಷ ಮುಚ್ಚಿಟ್ಟ ಮಾತನ್ನು ಮೊಮ್ಮಗನಿಗೋಸ್ಕರ ಎಲ್ಲರೆದುರು ಹೇಳಿದ ಅತ್ತೆಗೆ ನನ್ನ ದೊಡ್ಡ ನಮಸ್ಕಾರ. ಆಮೇಲೆ ಇಇಜಿ, ಸ್ಕ್ಯಾನ್ ಎಲ್ಲಾ ಆಯಿತು. ಚಿಕಿತ್ಸೆ ನೋಡಿದರೆ ಇಷ್ಟೇ: ನೀರಿನ ಬಿಸಿ ಇಳಿಸಿ, ತಲೆಗೆ ಒಂದೇ ಸಮನೆ ಸುರಿಯಬೇಡಿ, ಬಚ್ಚಲ ಚಿಲಕ ಹಾಕಬೇಡಿ, ತಲೆಸ್ನಾನದ ದಿನ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಮಾತ್ರೆ ಕೊಡಿ. ಎಲ್ಲರಿಗೂ ಇಷ್ಟೇ ಸಾಕಾಗುವುದಿಲ್ಲ, ಕೆಲವರಿಗೆ ಮುಂದೆ ಸ್ನಾನ ಇಲ್ಲದೆಯೂ ಫಿಟ್ಸ್ ಬರಬಹುದು, ಅವರಿಗೆ ದಿನಾ ಮಾತ್ರೆ ಬೇಕಾಗುತ್ತದೆ ಅಂತಲೂ ಬಿಡಿಸಿ ಹೇಳಿದರು. ನಮಗೆ ಇಷ್ಟೇ ಸಾಕಾಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಆ ಪ್ರಶ್ನೆಗಳು ಎಲ್ಲಿಂದ ಬಂದವು ಅಂತ ಹುಡುಕಿ ಓದಿದೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ 1960ರ ದಶಕದ ಕೊನೆಯಲ್ಲೇ ಇದರ ಬಗ್ಗೆ ಬರೆದಿದ್ದರು. ಮುಂದೆ ನಿಮ್ಹಾನ್ಸ್ ನಿರ್ದೇಶಕರೂ ಆದ ಡಾ. ಪಿ. ಸತೀಶ್ಚಂದ್ರ ಮತ್ತು ಜೊತೆಗಾರರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಆ ಮಾತ್ರೆಯನ್ನು ಸ್ನಾನಕ್ಕೆ ಮುಂಚೆ ಮಾತ್ರ ಕೊಟ್ಟರೂ ಆಗುತ್ತದೆ ಅಂತ ತೋರಿಸಿದ್ದೂ ಅವರ ತಂಡವೇ. ನಮ್ಮ ಜನ ತಲೆಗೆ ಹೇಗೆ ಸ್ನಾನ ಮಾಡುತ್ತಾರೆ ಅನ್ನುವುದನ್ನು ಸುಮ್ನೆ ಕೇಳಿ ಬಿಟ್ಟುಬಿಡಲಿಲ್ಲ, ಅಳೆದರು, ಬರೆದರು, ಪ್ರಪಂಚದ ಮುಂದಿಟ್ಟರು. ನನ್ನ ಮಗನಿಗೆ ಒಂದೇ ಭೇಟಿಯಲ್ಲಿ ಕಾಯಿಲೆ ಇಂಥದ್ದು ಅಂತ ಗೊತ್ತಾಗಿದ್ದು ಆ ಕೆಲಸದಿಂದ.

ಡಾ. ಮಣಿಯವರ ಇನ್ನೊಂದು ಕೆಲಸ ಓದಿ ನನಗೆ ಕಣ್ಣಲ್ಲಿ ನೀರು ಬಂತು. ಯಳಂದೂರಿನಲ್ಲಿ ಅವರ ತಂಡ ಮನೆ ಮನೆಗೆ ಹೋಗಿ ಮೂರ್ಛೆ ರೋಗದವರನ್ನು ಹುಡುಕಿ, ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಹಳೆಯ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ನೋಡಿಕೊಂಡು, 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿಯವರ ತಂಡ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿದಾಗ, ಮೂರ್ಛೆ ರೋಗ ಪೇಟೆಗಿಂತ ಹಳ್ಳಿಯಲ್ಲೇ ಜಾಸ್ತಿ ಅಂತ ಕಂಡುಬಂತು. ಡಾಕ್ಟರು ಇರುವುದು ಪೇಟೆಯಲ್ಲಿ, ರೋಗ ಜಾಸ್ತಿ ಇರುವುದು ಹಳ್ಳಿಯಲ್ಲಿ. ಕೋಲಾರದಂಥ ಊರಿಗೆ ಕ್ಲಿನಿಕ್ ಬಂದದ್ದಕ್ಕೆ ನಾನು ಇಷ್ಟೊಂದು ಸಂತೋಷಪಡುವುದು ಅದಕ್ಕೇ.

ಇದನ್ನು ಹೊರಗೆ ಹೇಳಬೇಡ, ನಾಳೆ ಮಗಳ ಮದುವೆಗೆ ತೊಂದರೆ ಅಂತ ಪ್ರೀತಿಯಿಂದಲೇ ಹೇಳಿದ ಬಂಧುಗಳಿಗೆ ಒಂದು ಮಾತು. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗ ಮದುವೆಗೆ ಅಡ್ಡಿ ಅಂತ ಇದ್ದದ್ದನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಅದಕ್ಕಾಗಿ ಇಂಡಿಯನ್ ಎಪಿಲೆಪ್ಸಿ ಅಸೋಸಿಯೇಷನ್‌ನವರು ಬಹಳ ಓಡಾಡಿದ್ದಾರೆ. ಕಾನೂನೇ ಬಿಟ್ಟಿರುವಾಗ ನಾವ್ಯಾಕೆ ಹಿಡಿದುಕೊಳ್ಳಬೇಕು? ಅದಕ್ಕೇ ನಾನು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಮಗನನ್ನೂ ಮಗಳನ್ನೂ ಕೇಳಿಯೇ ಬರೆಯುತ್ತಿದ್ದೇನೆ.

ಮಗನ ಕ್ಲಾಸ್ ಟೀಚರಿಗೆ ಥ್ಯಾಂಕ್ಸ್. ಫಿಟ್ಸ್ ಬಂದರೆ ಕೈಗೆ ಬೀಗದ ಕೈ, ಕಬ್ಬಿಣ ಕೊಡಬಾರದು, ಬಾಯಿಗೆ ಏನೂ ಹಾಕಬಾರದು, ಪಕ್ಕಕ್ಕೆ ಮಲಗಿಸಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆದೊಯ್ಯಬೇಕು ಅಂತ ಇಡೀ ತರಗತಿಗೆ ಕಲಿಸಿದರು, ಯಾರೂ ಅವನನ್ನು ಆಡಿಕೊಳ್ಳದ ಹಾಗೆ ನೋಡಿಕೊಂಡರು. ನಮ್ಮ ಯಜಮಾನರಿಗೆ, ಬೆಳಗಿನ ಜಾವ ಮಾವಿನ ತೋಟಕ್ಕೆ ನೀರು ಬಿಟ್ಟು ಬಂದು ನಿದ್ದೆಗೆಟ್ಟ ಕಣ್ಣಲ್ಲೇ ನಮ್ಮನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟಿದ್ದಕ್ಕೆ.

ಮತ್ತೆ, ಹೆಸರು ಗೊತ್ತಿಲ್ಲದವರಿಗೆ. ಈ ಕಾಯಿಲೆ ಕೆಲವು ಮನೆತನಗಳಲ್ಲಿ ಯಾಕೆ ಬರುತ್ತದೆ ಅಂತ ನಿಮ್ಹಾನ್ಸ್ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದವರು ವಂಶವಾಹಿಗಳಲ್ಲಿ ಹುಡುಕಿದಾಗ, ಮನೆಮಂದಿಯೆಲ್ಲ ಬಂದು ರಕ್ತ ಕೊಟ್ಟವರಿದ್ದಾರೆ. ಅವರಿಗೆ ಅದರಿಂದ ಅವತ್ತು ಏನೂ ಸಿಕ್ಕಿರಲಿಕ್ಕಿಲ್ಲ. ನಿಮ್ಮಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಮ್ಮ ಮನೆಗೆ ಬನ್ನಿ. ಒಂದು ಹೊತ್ತು ಊಟ ಬಡಿಸುವ ಆಸೆ ಇದೆ.

ಯಾರ ಮನೆಯಲ್ಲಾದರೂ ಮಗು ಸ್ನಾನದಲ್ಲಿ ಹೀಗೆ ಮಂಕಾಗುತ್ತಿದ್ದರೆ, ಮೊದಲು ಬಿಸಿನೀರು ಹಾಕುವುದನ್ನು ನಿಲ್ಲಿಸಿ, ಮಗುವನ್ನು ಹಿಡಿದುಕೊಳ್ಳಿ, ಹತ್ತಿರದಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಲು ಹೇಳಿ. ಡಾಕ್ಟರಿಗೆ ಅದನ್ನು ತೋರಿಸಿ, ಅರ್ಧ ಕೆಲಸ ಅಲ್ಲೇ ಆಗುತ್ತದೆ. ಕೋಲಾರ ಆಸ್ಪತ್ರೆಗೆ ಜೊತೆಗೆ ಯಾರಾದರೂ ಬೇಕು ಅಂದರೆ ನನಗೆ ಹೇಳಿ, ಭಾನುವಾರ ಬಿಟ್ಟು ಯಾವ ದಿನವಾದರೂ ರಜೆ ಹಾಕಿ ಬರುತ್ತೇನೆ.