ಹೆಸರು ಬದಲಿಸಲು ಹೆಗಲು ಕೊಟ್ಟವರಿಗೆ

ಕಳೆದ ವಾರ ನಮ್ಮ ತಂಡದ ಡಿಬಗರಿನ (ಪ್ರೋಗ್ರಾಮುಗಳ ತಪ್ಪು ಹುಡುಕುವ ಸಾಧನದ) ಹೊಸ ಆವೃತ್ತಿ ಗ್ರಾಹಕರ ಕೈ ಸೇರಿತು. ಅದರಲ್ಲಿ ನನ್ನ ಪಾಲಿನ ಕೆಲಸವನ್ನು ತೋರಿಸಿ ಎಂದರೆ ತೋರಿಸಲು ಏನೂ ಇಲ್ಲ. ಹೊಸ ಕಮಾಂಡ್ ಇಲ್ಲ, ವೇಗ ಹೆಚ್ಚಿಲ್ಲ. ಬದಲಾಗಿರುವುದು ಒಳಗಿನ ಹೆಸರುಗಳು: ಟೈಪುಗಳ, ಅಂದರೆ ಮಾಹಿತಿಯ ಬಗೆಗಳ ಹೆಸರು, ಪಾಯಿಂಟರುಗಳಿಗೆ, ಅಂದರೆ ಕಂಪ್ಯೂಟರ್ ನೆನಪಿನ ಒಂದು ಜಾಗವನ್ನು ತೋರಿಸುವ ವಿಳಾಸಗಳಿಗೆ ಇಟ್ಟಿದ್ದ ಅಡ್ಡಹೆಸರು. ಇಂಥ ಕೆಲಸ ಮುಗಿದರೆ ಕಚೇರಿಯಲ್ಲಿ ಯಾರೂ ಕೇಕ್ ತರಿಸುವುದಿಲ್ಲ. ಧನ್ಯವಾದವನ್ನಾದರೂ ನಾಲ್ಕು ಜನರ ಮುಂದೆ ಹೇಳಿಬಿಡೋಣ ಎಂದು ಬರೆಯುತ್ತಿದ್ದೇನೆ.

ನಮ್ಮದು ಜಿಡಿಬಿ ಎಂಬ ಮುಕ್ತ ಡಿಬಗರಿನ ಒಂದು ಕವಲು, ಅಂದರೆ ಅದರ ಕೋಡನ್ನು ನಕಲಿಸಿಕೊಂಡು ಬೇರೆಯಾಗಿ ಬೆಳೆಸಿದ್ದು. 1986ರಲ್ಲಿ ರಿಚರ್ಡ್ ಸ್ಟಾಲ್ಮನ್ ಬರೆಯತೊಡಗಿದ ಜಿಡಿಬಿ ಸುಮಾರು 30 ವರ್ಷ ಸಿ ಭಾಷೆಯಲ್ಲೇ ಬೆಳೆಯಿತು. 2016ರ 7.12ನೇ ಆವೃತ್ತಿಯಲ್ಲಿ ಅದು ಸಿ++ ಭಾಷೆಯ ಕಂಪೈಲರಿಗೆ (ಕೋಡನ್ನು ಯಂತ್ರಭಾಷೆಗೆ ಇಳಿಸುವ ಸಾಧನಕ್ಕೆ) ವಾಲಿತು, 2017ರ 8.0 ಬರುವಷ್ಟರಲ್ಲಿ ಸಿ++11 ಕಡ್ಡಾಯವಾಯಿತು. ನಮ್ಮ ಸಂಸ್ಥೆ ತನ್ನ ಪ್ರೊಸೆಸರಿಗಾಗಿ ಕವಲು ಒಡೆದದ್ದು ಅದಕ್ಕೂ ಮುಂಚೆ. ಮೂಲ ಜಿಡಿಬಿ ಮುಂದೆ ಹೋಯಿತು, ನಾವು ಇದ್ದಲ್ಲೇ ಉಳಿದೆವು. ಬೆಂಗಳೂರಿನ ಚಿಪ್ ತಂಡಗಳಲ್ಲಿ ದುಡಿದವರಿಗೆ ಈ ಕಥೆ ಹೊಸದೇನಲ್ಲ. ಮೂಲವನ್ನು ಹಿಡಿಯಲೇಬೇಕು ಎಂದು ತೀರ್ಮಾನವಾದ ದಿನ ಎದುರಿಗೆ ಬಂದ ಮೊದಲ ತೊಡಕೇ ಈ ಹೆಸರುಗಳದು.

ಮೊದಲ ನಮಸ್ಕಾರ ಆ ಕವಲನ್ನು ಕಟ್ಟಿದ ಹಿರಿಯರಿಗೆ. ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆ, ಹೆಸರು ಹಾಕಕೂಡದೆಂದು ತಾಕೀತು ಮಾಡಿದ್ದಾರೆ. ನಾನು ಅಳಿಸಲು ಹೊರಟಿದ್ದ ಹೆಸರುಗಳಲ್ಲಿ ಹೆಚ್ಚಿನವು ಅವರೇ ಇಟ್ಟವು. ಅಳುಕುತ್ತಲೇ ಫೋನ್ ಮಾಡಿದೆ. "ನೋಡಮ್ಮ, ಆಗ ಬೇರೆ ದಾರಿ ಇರಲಿಲ್ಲ. ಈಗ ಇದೆಯಲ್ಲ, ತೆಗೆದುಹಾಕು. ಯಾಕೆ ಇಟ್ಟಿದ್ದೆವು ಎಂಬುದನ್ನು ಮಾತ್ರ ತಿಳಿದುಕೊಂಡು ತೆಗೆ" ಎಂದರು. ಆಮೇಲೆ ತಾವೇ ಬಿಡಿಸಿ ಹೇಳಿದರು. ಸಿ ಭಾಷೆಯಲ್ಲಿ ಟೆಂಪ್ಲೇಟ್, ಅಂದರೆ ಯಾವ ಟೈಪಿಗೂ ಹೊಂದುವ ಅಚ್ಚು, ಇಲ್ಲ. ಬೆಳೆಯುವ ಪಟ್ಟಿ ಬೇಕಾದಾಗಲೆಲ್ಲ ಜಿಡಿಬಿ 'ವೆಕ್' ಎಂಬ ಮ್ಯಾಕ್ರೋಗಳ (ಕಂಪೈಲ್ ಆಗುವ ಮೊದಲೇ ಕೋಡಾಗಿ ಬಿಚ್ಚಿಕೊಳ್ಳುವ ಸಂಕ್ಷೇಪಗಳ) ಮೊರೆ ಹೋಗುತ್ತಿತ್ತು. ಆ ಮ್ಯಾಕ್ರೋಗಳು ಟೈಪಿನ ಹೆಸರನ್ನು ಅಂಟಿಸಿಕೊಂಡು ಹೊಸ ಫಂಕ್ಷನ್ನುಗಳನ್ನು ಹುಟ್ಟಿಸುತ್ತಿದ್ದವು. ಅಂಟಬೇಕಾದರೆ ಹೆಸರು ಒಂದೇ ಪದವಾಗಿರಬೇಕು. ಪಾಯಿಂಟರಿನ ನಕ್ಷತ್ರ ಚಿಹ್ನೆ (*) ಯಾವ ಹೆಸರಿಗೂ ಅಂಟುವುದಿಲ್ಲ. ಹಾಗಾಗಿ ಪಟ್ಟಿಗೆ ಸೇರುವ ಒಂದೊಂದು ಪಾಯಿಂಟರಿಗೂ ಅಡ್ಡಹೆಸರಾಗಿ ಒಂದೊಂದು ಟೈಪ್‌ಡೆಫ್. 'ಚಾರ್_ಪಿಟಿಆರ್' ಹುಟ್ಟಿದ್ದು ಹೀಗೆ, ಅದರ ಹಿಂದೆಯೇ ಅದರ ಅಣ್ಣತಮ್ಮಂದಿರು.

ವೆಕ್ ಹೋಗಿ ಸಿ++ನ ವೆಕ್ಟರ್ ಬಂದ ಮೇಲೆ ಇವಕ್ಕೆ ಕೆಲಸವಿಲ್ಲ, ಕಾಟ ಮಾತ್ರ ಉಳಿದಿತ್ತು. 'ಕಾನ್ಸ್ಟ್' ಎಂದರೆ ಬದಲಿಸಕೂಡದು ಎಂಬ ಬೀಗ. 'ಕಾನ್ಸ್ಟ್ ಚಾರ್_ಪಿಟಿಆರ್' ಎಂದು ಬರೆದಿರುವುದನ್ನು ಓದಿದವರು ಅಕ್ಷರಗಳಿಗೆ ಬೀಗ ಬಿದ್ದಿದೆ ಎಂದೇ ತಿಳಿಯುತ್ತಾರೆ. ಕಂಪೈಲರ್ ಹಾಗೆ ತಿಳಿಯುವುದಿಲ್ಲ. ಅಡ್ಡಹೆಸರಿನೊಳಗೆ ನಕ್ಷತ್ರ ಅಡಗಿರುವುದರಿಂದ ಬೀಗ ಬೀಳುವುದು ಪಾಯಿಂಟರಿಗೆ. ಅದು ತೋರಿಸುವ ಅಕ್ಷರಗಳನ್ನು ಯಾರು ಬೇಕಾದರೂ ತಿದ್ದಬಹುದು. ನಮ್ಮ ಕವಲಿನಲ್ಲಿ ರಿಜಿಸ್ಟರ್ ಹೆಸರುಗಳನ್ನು ಹುಡುಕುವ ಒಂದು ಫಂಕ್ಷನ್ ಹೀಗೆಯೇ ತನಗೆ ಕೊಟ್ಟ ಹೆಸರನ್ನು ಸಣ್ಣಕ್ಷರಕ್ಕೆ ಇಳಿಸಿ ಅಲ್ಲೇ ಬರೆದುಬಿಡುತ್ತಿತ್ತು. ಅಡ್ಡಹೆಸರು ತೆಗೆದು ನಕ್ಷತ್ರವನ್ನು ಬಯಲಿಗೆ ಎಳೆದ ಕೂಡಲೇ ಕಂಪೈಲರ್ ಆ ಸಾಲಿಗೆ ಬೆರಳಿಟ್ಟಿತು.

ಎರಡನೆಯ ನಮಸ್ಕಾರ ಪ್ಯಾಚುಗಳನ್ನು, ಅಂದರೆ ಕೋಡಿನ ಬದಲಾವಣೆಗಳ ಕಡತಗಳನ್ನು, ಓದಿದವರಿಗೆ. ಪುಟಗಟ್ಟಲೆ ಒಂದೇ ಬದಲಾವಣೆ ಇರುವ ಪ್ಯಾಚ್ ಓದುವುದಕ್ಕಿಂತ ನೀರಸವಾದ ಕೆಲಸ ಕಡಿಮೆ. ಯುರೋಪಿನ ಕಚೇರಿಯಲ್ಲಿರುವ ಒಬ್ಬ ಸಹೋದ್ಯೋಗಿ ಎಲ್ಲವನ್ನೂ ಓದಿದರು, ಜೊತೆಗೆ ಓದುವ ಕ್ರಮವನ್ನೂ ಕಲಿಸಿದರು. ಸ್ಕ್ರಿಪ್ಟ್ ಮಾಡಿದ್ದು ಬೇರೆ ಕಮಿಟ್ (ಕೋಡಿನ ಇತಿಹಾಸದಲ್ಲಿ ದಾಖಲಾಗುವ ಒಂದು ಬದಲಾವಣೆ), ಕೈಯಿಂದ ತಿದ್ದಿದ್ದು ಬೇರೆ ಕಮಿಟ್. ಸ್ಕ್ರಿಪ್ಟನ್ನು ಕಮಿಟ್ ಸಂದೇಶದಲ್ಲೇ ಇಡಬೇಕು, ಅನುಮಾನ ಬಂದವರು ತಾವೇ ಓಡಿಸಿ ನೋಡಿಕೊಳ್ಳಲಿ. ಟೈಪ್‌ಡೆಫ್ ಯಂತ್ರಭಾಷೆಯವರೆಗೆ ಇಳಿಯುವುದಿಲ್ಲವಾದ್ದರಿಂದ, ಡಿಬಗ್ ಮಾಹಿತಿ ಇಲ್ಲದೆ ಕಂಪೈಲ್ ಮಾಡಿದರೆ ಹಿಂದಿನ ಮತ್ತು ಈಗಿನ ಆಬ್ಜೆಕ್ಟ್ ಕಡತಗಳು (ಕಂಪೈಲರ್ ಕೊಡುವ ಯಂತ್ರಭಾಷೆಯ ಕಡತಗಳು) ಬೈಟಿಗೆ ಬೈಟ್ ಒಂದೇ ಇರಬೇಕು ಎಂದು ತೋರಿಸಿಕೊಟ್ಟವರೂ ಅವರೇ. ಕೆಲವು ಕಡತಗಳು ಹೊಂದಲಿಲ್ಲ. ಜಿಡಿಬಿಯ ಅಸರ್ಟ್ ಮ್ಯಾಕ್ರೋ (ಸ್ಥಿತಿ ಹೀಗೇ ಇದೆಯೇ ಎಂದು ಓಡುವಾಗ ಪರೀಕ್ಷಿಸುವುದು) ತಾನಿರುವ ಸಾಲಿನ ಸಂಖ್ಯೆಯನ್ನು ಆಬ್ಜೆಕ್ಟಿನೊಳಗೆ ಬರೆದಿಡುತ್ತದೆ. ಮೇಲೆ ಎಲ್ಲೋ ಒಂದು ಉದ್ದದ ಸಾಲು ಎರಡಾಗಿ ಮುರಿದಿದ್ದರೆ ಸಾಕು, ಸಂಖ್ಯೆ ತಪ್ಪುತ್ತದೆ. "ಸಾಲು ಮುರಿಯುವುದನ್ನು ಇನ್ನೊಂದು ಕಮಿಟ್‌ಗೆ ಇಟ್ಟುಕೊಳ್ಳಿ" ಎಂದರು. ಆಮೇಲೆ ಎಲ್ಲವೂ ಹೊಂದಿದವು. ಸ್ಟ್ರಕ್ಟುಗಳ, ಅಂದರೆ ಹಲವು ಮಾಹಿತಿಗಳನ್ನು ಒಟ್ಟುಗೂಡಿಸಿದ ಟೈಪುಗಳ, ಹೆಸರಿಗೆ ಈ ಉಪಾಯ ನಡೆಯುವುದಿಲ್ಲ. ಮೂಲದಲ್ಲಿ 'ಸೋ_ಲಿಸ್ಟ್' ಈಗ 'ಸೋಲಿಬ್' ಆಗಿದೆ. ಅದನ್ನು ತೆಗೆದುಕೊಳ್ಳುವ ಪ್ರತಿ ಫಂಕ್ಷನ್ನಿನ ಲಿಂಕರ್ ಹೆಸರೂ (ಆಬ್ಜೆಕ್ಟ್ ಕಡತಗಳನ್ನು ಜೋಡಿಸುವಾಗ ಬಳಸುವ ಹೆಸರು) ಸಿ++ನಲ್ಲಿ ಬದಲಾಗುತ್ತದೆ.

ಅಲ್ಲಿ ಕೈ ಹಿಡಿದವರು ಪರೀಕ್ಷಾ ವಿಭಾಗದವರು. ಜಿಡಿಬಿಯ ಪರೀಕ್ಷೆಗಳು ಡೆಜಾಗ್ನು ಎಂಬ ಪರೀಕ್ಷಾ ಚೌಕಟ್ಟಿನ ಮೇಲೆ, ಟಿಸಿಎಲ್ ಭಾಷೆಯಲ್ಲಿ ನಡೆಯುತ್ತವೆ. ನಮ್ಮ ಬೋರ್ಡುಗಳ ಮೇಲೆ ಅವನ್ನು ಓಡಿಸಿ, ಮೊದಲಿನಿಂದಲೂ ಸೋಲುತ್ತಿದ್ದವು ಯಾವುವು, ಹೊಸದಾಗಿ ಸೋತವು ಯಾವುವು ಎಂದು ಬೇರ್ಪಡಿಸಿ ಕೊಟ್ಟರು. ನನ್ನಿಂದ ಆಗುತ್ತಿರಲಿಲ್ಲ, ಅಷ್ಟು ತಾಳ್ಮೆ ನನಗಿಲ್ಲ.

ತರಬೇತಿಗೆಂದು ಬಂದಿದ್ದ ವಿದ್ಯಾರ್ಥಿನಿಗೆ ವಿಶೇಷ ಕೃತಜ್ಞತೆ. ಜಿಡಿಬಿಯನ್ನು ಜಿಡಿಬಿಯಿಂದಲೇ ಪರೀಕ್ಷಿಸುವವರಿಗಾಗಿ ಮೂಲದಲ್ಲೇ ಒಂದು ಪೈಥಾನ್ ಕಡತವಿದೆ. ಒಳಗಿನ ಸ್ಟ್ರಕ್ಟುಗಳನ್ನು ಓದುವಂತೆ ಮುದ್ರಿಸುವುದು ಅದರ ಕೆಲಸ, ಮತ್ತು ಅದು ಟೈಪುಗಳನ್ನು ಗುರುತಿಸುವುದು ಉದ್ಧರಣ ಚಿಹ್ನೆಯೊಳಗಿನ ಹೆಸರಿನಿಂದ. ಅದನ್ನು ಸಿ++ ಕಂಪೈಲರ್ ನೋಡುವುದೇ ಇಲ್ಲ. ನಮ್ಮ ತಂಡ ಆ ಕಡತಕ್ಕೆ ತನ್ನದೇ ಟೈಪುಗಳನ್ನೂ ಸೇರಿಸಿತ್ತು. ಹೆಸರು ಬದಲಾದ ಮೇಲೆ ಯಾವ ದೋಷವೂ ಬರಲಿಲ್ಲ, ಮುದ್ರಣ ಮಾತ್ರ ಹಸಿ ಸ್ಟ್ರಕ್ಟಿಗೆ ಮರಳಿತ್ತು. ಆಕೆ ಅದನ್ನು ಗಮನಿಸಿ, 'ವಾಟೀಸ್' ಎಂದು ಕೇಳಿದರೆ ಡಿಬಗರ್ ಅಡ್ಡಹೆಸರನ್ನೇ ಹೇಳುತ್ತದೆ, 'ಪಿಟೈಪ್' ಎಂದರೆ ಬುಡದವರೆಗೆ ಬಿಚ್ಚುತ್ತದೆ ಎಂಬುದನ್ನೇ ಹಿಡಿದು ಒಂದೊಂದು ಟೈಪನ್ನೂ ತಪಾಸಣೆ ಮಾಡಿದಳು.

ಅದೇ ಕಡತ ಇನ್ನೊಂದು ಜಗಳವನ್ನೂ ತೀರಿಸಿತು. ತಂಡದಲ್ಲಿ ಕೆಲವರು ಎಲ್ಲ ಅಡ್ಡಹೆಸರುಗಳನ್ನೂ ಕಿತ್ತುಹಾಕಬೇಕೆಂದು ಹಟ ಹಿಡಿದಿದ್ದರು. 'ಕೋರ್_ಎಡಿಡಿಆರ್' ಎಂಬುದು ಒಂದು ಪೂರ್ಣಾಂಕಕ್ಕೆ ಇಟ್ಟ ಅಡ್ಡಹೆಸರು. ಆ ಹೆಸರು ಇರುವುದರಿಂದಲೇ ಮುದ್ರಿಸುವಾಗ ಅದು ವಿಳಾಸವೆಂದು ತಿಳಿದು ಹದಿನಾರರ ಎಣಿಕೆಯಲ್ಲಿ ಬರುತ್ತದೆ. ಡಿಬಗರ್ ಓಡುವ ಯಂತ್ರ ಬೇರೆ, ಪರೀಕ್ಷೆಗೆ ಒಳಗಾಗುವ ಯಂತ್ರ ಬೇರೆ. ಯಾವ ಸಂಖ್ಯೆ ಎಲ್ಲಿಯ ವಿಳಾಸ ಎಂದು ಹೇಳುವ ಹೆಸರು ಉಳಿಯಲೇಬೇಕು. ಮೂಲದಲ್ಲಿ 'ಯುಪಿ' ಎಂದು ಕೊನೆಯಾಗುವ ಹೆಸರುಗಳೂ ಹಾಗೆಯೇ, ನೆನಪಿನ ಆ ತುಣುಕಿಗೆ ಒಡೆಯ ಒಬ್ಬನೇ ಎಂದು ಹೇಳುತ್ತವೆ. ನಕ್ಷತ್ರವನ್ನು ಮರೆಮಾಚುವುದಷ್ಟೇ ಕೆಲಸವಾಗಿದ್ದ ಹೆಸರುಗಳು ಹೋದವು, ಉಳಿದವು ಉಳಿದವು.

ಒಬ್ಬ ಗ್ರಾಹಕರನ್ನೂ ನೆನೆಯಬೇಕು. ಅವರ ಕಡೆಯ ಎಂಜಿನಿಯರ್ ಒಂದು ವೇರಿಯಬಲ್ ಮುದ್ರಿಸಿದಾಗಲೆಲ್ಲ ಡಿಬಗರೇ ಬಿದ್ದುಹೋಗುತ್ತಿತ್ತು. ಆ ಮುದ್ರಣ ಅವರ ಪ್ರೋಗ್ರಾಮಿನ ಒಂದು ಫಂಕ್ಷನ್ನನ್ನು ಕರೆಯುತ್ತಿತ್ತು. ಪ್ರೋಗ್ರಾಮ್ ಮತ್ತೆ ಓಡಿದ ಕೂಡಲೇ ಜಿಡಿಬಿ ತಾನು ಕೂಡಿಟ್ಟುಕೊಂಡ ಫ್ರೇಮುಗಳನ್ನೆಲ್ಲ (ನಡೆಯುತ್ತಿರುವ ಒಂದೊಂದು ಫಂಕ್ಷನ್ ಕರೆಯ ವಿವರಗಳನ್ನೆಲ್ಲ) ಬಿಸಾಡುತ್ತದೆ, ಹಳೆಯ ಪಾಯಿಂಟರ್ ಮಾತ್ರ ಖಾಲಿ ಜಾಗಕ್ಕೆ ಕೈ ತೋರಿಸುತ್ತ ಉಳಿಯುತ್ತದೆ. ಮೂಲದಲ್ಲಿ ಇದಕ್ಕೆ 2023ರ 13ನೇ ಆವೃತ್ತಿಯಲ್ಲಿ ಮದ್ದು ಬಂತು: ಬರಿಯ ಪಾಯಿಂಟರಿನ ಬದಲು ಫ್ರೇಮಿನ ಗುರುತನ್ನು ಇಟ್ಟುಕೊಂಡು, ಬೇಕಾದಾಗ ಮತ್ತೆ ಹುಡುಕಿಕೊಳ್ಳುವ 'ಫ್ರೇಮ್_ಇನ್ಫೋ_ಪಿಟಿಆರ್'. ನಮ್ಮ ಪ್ರೊಸೆಸರಿನ ಕೋಡಿನಲ್ಲೂ ಅದನ್ನು ತಂದಿದ್ದೇವೆ. ಆ ಎಂಜಿನಿಯರ್ ಬೈಯದೆ, ಪ್ರತಿ ಸಲವೂ ಪೂರ್ತಿ ವಿವರ ಕಳುಹಿಸಿದ್ದರಿಂದ ಇದಕ್ಕೆ ಸಮಯ ಕೊಡಿ ಎಂದು ಮ್ಯಾನೇಜರ್ ಮುಂದೆ ಕೇಳಲು ನನಗೊಂದು ಆಧಾರ ಸಿಕ್ಕಿತು. ಮ್ಯಾನೇಜರ್ ಕೂಡ ಯೋಜನಾ ಪಟ್ಟಿಯಲ್ಲಿ 'ಹೆಸರು ಬದಲಾವಣೆ' ಎಂದೇ ಸಂಕೋಚವಿಲ್ಲದೆ ಬರೆದರು, ಅದಕ್ಕೊಂದು ದೊಡ್ಡ ಹೆಸರು ಹುಡುಕಲಿಲ್ಲ.

ವಿರೋಧಿಸಿದವರಿಗೂ ಧನ್ಯವಾದ. ಎಲ್ಲ ಸಾಲುಗಳ ಮೇಲೂ ಇವಳ ಹೆಸರೇ ಬಂದರೆ, ಯಾವ ಸಾಲನ್ನು ಯಾರು ಯಾಕೆ ಬರೆದರು ಎಂದು ಕೋಡಿನ ಇತಿಹಾಸ ಕಾಯುವ ಗಿಟ್‌ನಲ್ಲಿ ಹುಡುಕುವುದು ಹೇಗೆ ಎಂದು ಕೇಳಿದ್ದರು. ನ್ಯಾಯವಾದ ಪ್ರಶ್ನೆ. 2019ರ ಗಿಟ್ 2.23ರಿಂದ, ಲೆಕ್ಕಕ್ಕೆ ಹಿಡಿಯಬಾರದ ಕಮಿಟ್‌ಗಳನ್ನು ಒಂದು ಕಡತದಲ್ಲಿ ಪಟ್ಟಿ ಮಾಡಿ, ಯಾವ ಸಾಲು ಯಾರದೆಂದು ತೋರಿಸುವ ಬ್ಲೇಮ್‌ಗೆ ಕೊಡಬಹುದು. ಈಗ ಮೈಸೂರಿನ ಹಿರಿಯರ ಸಾಲುಗಳ ಮೇಲೆ ಅವರ ಹೆಸರೇ ಇದೆ.

ಜಿಡಿಬಿ ಮೂಲದ ಟಾಮ್ ಟ್ರೋಮಿ, ಪೆಡ್ರೊ ಆಲ್ವೆಸ್, ಸೈಮನ್ ಮಾರ್ಕಿ ಮುಂತಾದವರಿಗೆ ನನ್ನ ಪರಿಚಯವಿಲ್ಲ. ಅವರ ಕಮಿಟ್ ಸಂದೇಶಗಳನ್ನು ಓದಿಯೇ ನಾನು ಈ ಕೆಲಸ ಕಲಿತದ್ದು. ನಮ್ಮ ಪ್ರೊಸೆಸರಿನ ಭಾಗವನ್ನು ಮೂಲಕ್ಕೇ ಒಪ್ಪಿಸಲು ಹೊರಟಿದ್ದೇವೆ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿಗೆ ಹಕ್ಕುಸ್ವಾಮ್ಯ ಬರೆದುಕೊಡುವ ಕಾಗದಪತ್ರವನ್ನು ನಮ್ಮ ಕಾನೂನು ವಿಭಾಗದವರು ಗೊಣಗದೆ ಮುಗಿಸಿಕೊಟ್ಟರು. ಮೊದಲ ಕಂತಿನ ಪ್ಯಾಚುಗಳು ಹೋಗಿವೆ. ನಿನ್ನೆ ಮೊದಲ ಉತ್ತರವೂ ಬಂತು: ಎಂಟು ಸ್ಪೇಸ್ ಇರುವಲ್ಲಿ ಒಂದು ಟ್ಯಾಬ್ ಇರಬೇಕಂತೆ. ಆ ಪುಣ್ಯಾತ್ಮರಿಗೂ ಧನ್ಯವಾದ, ಇವತ್ತೇ ಮತ್ತೆ ಕಳುಹಿಸುತ್ತಿದ್ದೇನೆ.