ಚಿರತೆ ಭಯಕ್ಕೆ ನೈಟ್ ವಿಷನ್ ಕೊಳ್ಳುವ ಮುಂಚೆ

ಮಾನ್ಯ ಸಂಪಾದಕರೇ,

ಬೇಲೂರು, ಸಕಲೇಶಪುರದ ಕಡೆ ಚಿರತೆ ಕರು ಹಿಡಿಯಿತು ಅಂದ ಕೂಡಲೇ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನೈಟ್ ವಿಷನ್ (ಕತ್ತಲಲ್ಲಿ ನೋಡುವ) ದುರ್ಬೀನಿನ ಮಾತು ಶುರುವಾಗುತ್ತದೆ. ಸುಮ್ನೆ ದುಡ್ಡು ಸುರಿಯಬೇಡಿ.

ಅಗ್ಗದ ಡಿಜಿಟಲ್ ದುರ್ಬೀನು ಕಗ್ಗತ್ತಲಲ್ಲಿ ತಾನಾಗಿ ನೋಡುವುದಿಲ್ಲ. ಇನ್‌ಫ್ರಾರೆಡ್ ದೀಪ ಬಿಟ್ಟು, ತಿರುಗಿ ಬಂದ ಬೆಳಕನ್ನು ತೋರಿಸುತ್ತದೆ. 850 ನ್ಯಾನೋಮೀಟರ್ ತರಂಗಾಂತರದ ದೀಪ ದೂರ ಹೋಗುತ್ತದೆ, ಆದರೆ ಮಸುಕಾಗಿ ಕೆಂಪು ಕಾಣುತ್ತದೆ. 940ರದ್ದು ಕಾಣುವುದಿಲ್ಲ, ಅಷ್ಟು ದೂರವೂ ಹೋಗದು. ತೋಟದಲ್ಲಿ ಎದುರಿನ ಕಾಫಿ ಎಲೆಗೆ ಬಡಿದರೆ ಬರೀ ಬಿಳಿ ಪರದೆ! ಥರ್ಮಲ್ ಕ್ಯಾಮೆರಾಗೆ ಬೆಳಕೇ ಬೇಡ, ಮೈಬಿಸಿಯನ್ನು ಹಿಡಿಯುತ್ತದೆ. ಆದರೆ ಜೀಪಿನ ಗಾಜಿನ ಒಳಗಿಂದ ಏನೂ ಕಾಣಿಸದು, ದಟ್ಟ ಮಂಜು, ಮಳೆಯಲ್ಲಿ ಮಬ್ಬಾಗುತ್ತದೆ, ಅಂದರೆ ನಮ್ಮ ಮಳೆಗಾಲದ ಕಥೆ ಗೊತ್ತಲ್ವಾ. ಇನ್ನೊಂದು, ಡಬ್ಬದ ಮೇಲೆ ಬರೆದಿರುವ ದೂರ ಸಾಮಾನ್ಯವಾಗಿ ಬಿಸಿ ಚುಕ್ಕೆ ಕಾಣುವ ದೂರ. ಆ ಚುಕ್ಕೆ ಚಿರತೆಯೋ, ನಾಯಿಯೋ, ಬೀಡಿ ಸೇದುತ್ತಾ ಬರುವ ಪಕ್ಕದ ತೋಟದ ಕಾವಲುಗಾರನೋ ಅಂತ ತಿಳಿಯೋಕೆ ತುಂಬಾ ಹತ್ತಿರ ಬರಬೇಕು.

ಕೋವಿಗೆ ಕೂರಿಸುವ ಸ್ಕೋಪ್ ಬಗ್ಗೆ ವಿಚಾರಿಸುವವರೂ ಇದ್ದಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ರಾತ್ರಿ ಕಯೋಟಿ (ತೋಳದ ಜಾತಿಯ ಪ್ರಾಣಿ) ಹೊಡೆಯಲು ಅದಕ್ಕೆ ಅವಕಾಶ ಇದೆ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಚಿರತೆ ಇದೆ, ಹೊಡೆದರೆ ಜೈಲು.

ಆ ದುಡ್ಡಲ್ಲಿ ಕೊಟ್ಟಿಗೆಗೆ ಗಟ್ಟಿ ಬಾಗಿಲು ಹಾಕಿಸಿ. ಒಳ್ಳೆಯ ಥರ್ಮಲ್ ಕ್ಯಾಮೆರಾಗಳನ್ನು ಸರ್ಕಾರ ರಾತ್ರಿ ಗಸ್ತು ತಿರುಗುವ ಅರಣ್ಯ ಸಿಬ್ಬಂದಿಗೆ ಜಾಸ್ತಿ ಕೊಡಲಿ, ಆನೆ ಎಲ್ಲಿದೆ ಅಂತ ಅವರು ಕೂಲಿಯವರು ತೋಟಕ್ಕೆ ಇಳಿಯುವ ಮುಂಚೆ ಹೇಳಲಿ.

– ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು