ಹಳೆ ಟೈಲ್ಸ್ ಮೇಲೆ ಹೊಸ ಟೈಲ್ಸ್: ಮೊದಲು ತಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ದೀಪಾವಳಿ ಕಳೆಯಿತೆಂದರೆ ಉಡುಪಿ, ಮಣಿಪಾಲದ ಕಡೆ ಮನೆ ರಿಪೇರಿಯ ಭರಾಟೆ ಶುರುವಾಗುತ್ತದೆ. ಮುಂಬಯಿಯಿಂದ, ಗಲ್ಫ್‌ನಿಂದ ಫೋನು ಬರುತ್ತದೆ: "ಮೇಸ್ತ್ರಿಗಳೇ, ರಜೆಗೆ ಊರಿಗೆ ಬರುತ್ತಿದ್ದೇವೆ. ನೆಲ ಒಡೆಯುವುದೆಲ್ಲ ಬೇಡ, ಮೇಲೆಯೇ ಹಾಕಿಬಿಡಿ." ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿರುತ್ತಾರೆ. ಅದರಲ್ಲಿ ಅರ್ಧ ನಿಮಿಷಕ್ಕೆ ಹಾಲ್‌ನ ನೆಲವಿಡೀ ಹೊಸದಾಗಿರುತ್ತದೆ. ಟೈಲ್ಸ್ ಹಾಸುವುದನ್ನೇ ಕಸುಬು ಮಾಡಿಕೊಂಡಿರುವ ನಾನು ಈ ವಿಧಾನದ ವಿರೋಧಿಯಲ್ಲ. ಕೆಳಗಿನ ನೆಲ ಗಟ್ಟಿಯಿದ್ದು, ಸರಿಯಾದ ಅಂಟು ಬಳಸಿದರೆ ಕೆಲಸ ಚೆನ್ನಾಗಿಯೇ ನಿಲ್ಲುತ್ತದೆ. ಈ ಎರಡು ಷರತ್ತುಗಳು ವಿಡಿಯೊದಲ್ಲೂ ಇರುವುದಿಲ್ಲ, ಗುತ್ತಿಗೆದಾರರ ದರಪಟ್ಟಿಯಲ್ಲೂ ಇರುವುದಿಲ್ಲ. ಅದಕ್ಕಾಗಿ ಈ ಪತ್ರ.

ಮೊದಲು ತಟ್ಟಿ ನೋಡಬೇಕು. ಕರಣೆಯ ಮರದ ಹಿಡಿಯಿಂದ ಪ್ರತಿ ಟೈಲ್‌ನ ನಾಲ್ಕು ಮೂಲೆಗಳಿಗೂ ನಡುಭಾಗಕ್ಕೂ ತಟ್ಟಿದರೆ ಗಟ್ಟಿ ಕೂತದ್ದು ‘ಟಕ್’ ಎನ್ನುತ್ತದೆ, ಅಡಿ ಬಿಟ್ಟದ್ದು ‘ಡಬ್’ ಎನ್ನುತ್ತದೆ. ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುತ್ತಾ ಹೋಗಿ. ಅಲ್ಲೊಂದು ಇಲ್ಲೊಂದು ಗುರುತು ಇದ್ದರೆ ಅಷ್ಟನ್ನೇ ಕಿತ್ತು, ಗುಂಡಿ ತುಂಬಿ ಮುಂದುವರಿಯಬಹುದು. ಅರ್ಧ ಹಾಲ್ ಬೆಳ್ಳಗಾಯಿತೋ, ಪೂರ್ತಿ ಒಡೆಯುವುದೇ ದಾರಿ. ಸಡಿಲವಾದ ಹಳೆಯದರ ಮೇಲೆ ಎಷ್ಟು ದುಬಾರಿಯ ಹೊಸದನ್ನು ಕೂರಿಸಿದರೂ ಹಳೆಯದು ಏಳುವಾಗ ಅದನ್ನೂ ಎತ್ತಿಕೊಂಡೇ ಏಳುತ್ತದೆ.

ಎರಡನೆಯದು ಅಂಟು. ಹಳೆಯ ನುಣುಪು ನೆಲದ ಮೇಲೆ ಸಿಮೆಂಟ್ ಹಾಲು ಸುರಿದು ವಿಟ್ರಿಫೈಡ್ ಟೈಲ್ಸ್ ಕೂರಿಸುವವರು ಈಗಲೂ ಇದ್ದಾರೆ. ಸಿಮೆಂಟ್ ಹಿಡಿಯಬೇಕಾದರೆ ಅದರ ಹಾಲನ್ನು ಸ್ವಲ್ಪವಾದರೂ ಹೀರುವ ಮೈ ಬೇಕು. ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಅರ್ಧ ಶೇಕಡಾಕ್ಕಿಂತಲೂ ಕಡಿಮೆ. ಕೆಳಗೂ ಹೊಳಪು, ಮೇಲಿನದರ ಬೆನ್ನಿಗೂ ಹೀರುವ ಗುಣವಿಲ್ಲ. ಸಿಮೆಂಟ್ ಹಿಡಿಯುವುದಾದರೂ ಯಾವುದನ್ನು? ಇದಕ್ಕೆ ಪಾಲಿಮರ್ ಸೇರಿಸಿದ ಅಂಟೇ ಆಗಬೇಕು. ಚೀಲದ ಮೇಲೆ ಭಾರತೀಯ ಮಾನಕ ಐಎಸ್ 15477 ಎಂದೂ ಯಾವ ಟೈಪ್ ಎಂದೂ ಅಚ್ಚಾಗಿರುತ್ತದೆ. ಹಳೆ ಟೈಲ್ಸ್ ಮೇಲೆ ಬಳಸಬಹುದು ಎಂದು ಬರೆದಿದೆಯೇ ಎಂದು ಓದಿ ನೋಡಿ. ಅದಕ್ಕೂ ಮೊದಲು ವರ್ಷಗಟ್ಟಲೆ ಹಚ್ಚಿದ ಪಾಲಿಶು, ಅಡುಗೆಮನೆಯ ತೆಂಗಿನೆಣ್ಣೆಯ ಜಿಡ್ಡು ಪೂರ್ತಿ ಹೋಗುವಂತೆ ತೊಳೆದು, ಮೇಲ್ಮೈಯನ್ನು ಒರಟು ಮಾಡಬೇಕು. ಶೋರೂಮಿನಲ್ಲಿ ಲಕ್ಷ ಸುರಿದು ಟೈಲ್ಸ್ ಆರಿಸಿದವರು ಅಂಟಿನ ಚೀಲಕ್ಕೆ ಬಂದಾಗ ಚೌಕಾಸಿಗೆ ಇಳಿಯುವುದು ನನಗಂತೂ ಇಂದಿಗೂ ಅರ್ಥವಾಗಿಲ್ಲ.

ಇನ್ನು ಎತ್ತರದ ಮಾತು. ಟೈಲ್ಸೂ ಅಂಟೂ ಸೇರಿ ನೆಲ 12ರಿಂದ 15 ಮಿ.ಮೀ. ಮೇಲೆ ಬರುತ್ತದೆ. ಬಾಗಿಲಿನ ಅಡಿ ಕೊರೆಸಬೇಕೆಂದು ಎಲ್ಲರಿಗೂ ಗೊತ್ತು. ತುಳುವರ ಸೋಣ ತಿಂಗಳಲ್ಲಿ ಹೊಸ್ತಿಲು ಪೂಜೆ ಮಾಡುವ ಮನೆಗಳಲ್ಲಿ ಹೊಸ್ತಿಲು ಕುಳ್ಳಾದದ್ದಕ್ಕೆ ಅಜ್ಜಿಯಿಂದ ಬೈಗುಳ ತಿನ್ನುವವನು ಮೇಸ್ತ್ರಿ, ಅದಿರಲಿ. ನಿಜವಾದ ತೊಂದರೆ ನೀರಿನದು. ಕಳೆದ ಮಳೆಗಾಲದಲ್ಲಿ ಅಜ್ಜರಕಾಡು ಕಡೆಯ ಫ್ಲ್ಯಾಟೊಂದಕ್ಕೆ ನನ್ನನ್ನು ಕರೆದಿದ್ದರು. ಬೇರೆ ಯಾರೋ ಮಾಡಿದ ಕೆಲಸ, ಹಾಸಿದ್ದು ನೇರವಾಗಿಯೇ ಇತ್ತು. ಆದರೆ ಬಾಲ್ಕನಿಯ ಸ್ಲೈಡಿಂಗ್ ಬಾಗಿಲಿನ ಕೆಳಪಟ್ಟಿಯ ಹೊರಮೈಯಲ್ಲಿ ನೀರು ಹೋಗಲು ಸಣ್ಣ ಸೀಳುಗಳಿರುತ್ತವೆಯಲ್ಲ, ಹೊಸ ಟೈಲ್ಸ್ ಬಂದು ಅವನ್ನು ಮುಚ್ಚಿಬಿಟ್ಟಿತ್ತು. ಪಶ್ಚಿಮದ ಗಾಳಿಮಳೆ ಬಾಗಿಲಿಗೆ ಬಡಿದಾಗ ಪಟ್ಟಿಯೊಳಗೆ ತುಂಬಿದ ನೀರು ಹೊರದಾರಿ ಕಾಣದೆ ಹಾಲ್‌ಗೆ ಉಕ್ಕುತ್ತಿತ್ತು. ಮನೆಯವರು ಹಳೆ ಬೆಡ್‌ಶೀಟುಗಳನ್ನು ಸುರುಳಿ ಸುತ್ತಿ ಬಾಗಿಲಿನುದ್ದಕ್ಕೂ ಇಟ್ಟಿದ್ದರು. ಸಿಲಿಕೋನ್ ಕೂಡ ಬಳಿದಿದ್ದರು, ಒಳಗಿನಿಂದ! ಬಚ್ಚಲಿನದೂ ಇದೇ ಕತೆ. ಅದರ ನೆಲ ಕೋಣೆಗಿಂತ ತಗ್ಗಿನಲ್ಲೇ ಇರಬೇಕು, ನೀರು ಹರಿಯುವ ವಾಟ (ಇಳಿಜಾರು) ತಪ್ಪಬಾರದು, ಜಾಲರಿಯನ್ನು ಹೊಸ ಮಟ್ಟಕ್ಕೆ ಎತ್ತಿ ಕೂರಿಸಬೇಕು. ಕೆಳಮನೆಯ ಸೀಲಿಂಗಿಗೆ ಈಗಾಗಲೇ ನೀರು ಇಳಿಯುತ್ತಿದ್ದರೆ ಮೇಲೆ ಇನ್ನೊಂದು ಪದರ ಹಾಕುವುದು ಸೋರುವುದನ್ನು ಮರೆಮಾಚಿದಂತಾಗುತ್ತದೆಯೇ ಹೊರತು ನಿಲ್ಲಿಸಿದಂತಲ್ಲ.

ಹಳೆಯ ಮನೆಗಳ ಬಗ್ಗೆ ಒಂದು ವಿನಂತಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯಲ್ಲಿ ಬೆಳೆದ ಉದ್ಯಮ ಮಾಡಿನ ಹೆಂಚಿನ ಜೊತೆ ನೆಲದ ಕೆಂಪು ಹೆಂಚನ್ನೂ ಕೊಟ್ಟಿತು. ಸುಟ್ಟ ಮಣ್ಣಿನ ಆ ನೆಲ, ಮುರಕಲ್ಲಿನ (ಕೆಂಪುಕಲ್ಲಿನ) ಅಡಿಪಾಯದಿಂದ ಮೇಲೇರುವ ತೇವವನ್ನು ಆರಲು ಬಿಡುತ್ತದೆ. ಅದರ ಮೇಲೆ ವಿಟ್ರಿಫೈಡ್ ಹೊದಿಸಿದರೆ ತೇವ ಗೋಡೆಯ ಬುಡಕ್ಕೆ ಹೊರಳಿ ಬಣ್ಣ ಸುಲಿಯುತ್ತದೆ, ಸಂದುಗಳಲ್ಲಿ ಬಿಳಿ ಉಪ್ಪು ಕಾಣಿಸುತ್ತದೆ. ಉಜ್ಜಿ ಎಣ್ಣೆ ಕೊಟ್ಟರೆ ಮತ್ತೆ ಮಿಂಚುವ ನೆಲವನ್ನು ಮುಚ್ಚುವ ಅಗತ್ಯವಾದರೂ ಏನು?

ಭಾರಕ್ಕೆ ಹೆದರಿ ಕೇಳುವವರೂ ಇದ್ದಾರೆ. ಎರಡನೇ ಪದರ 100 ಚದರಡಿಗೆ ಸುಮಾರು ಎರಡೂವರೆ ಕ್ವಿಂಟಾಲ್ ತೂಗುತ್ತದೆ. ಬಿರುಕಿಲ್ಲದ ಸ್ಲ್ಯಾಬ್ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಮೂರನೆಯದರ ಮಾತು ಬೇಡ. ಅದರ ಬದಲು ಹಳೆ ನೆಲವನ್ನೇ ಒಡೆಯಹೊರಟರೆ, ಕೆಳಗಿನ ಎರಡಿಂಚಿನ ಗಾರೆಯೂ ಏಳುವುದರಿಂದ ಅಷ್ಟೇ ಜಾಗದಲ್ಲಿ ಒಂದು ಟನ್‌ನಷ್ಟು ಕಲ್ಲುಮಣ್ಣು ಬೀಳುತ್ತದೆ. ಜನ ಒಡೆಯಲು ಹಿಂಜರಿಯುವುದಕ್ಕೆ ಧೂಳಿನಷ್ಟೇ ಇದೂ ಕಾರಣ. ಟೆಂಪೋದವನು "ಎಲ್ಲಿಗೆ ಹಾಕಲಿ?" ಎಂದಾಗ ಮನೆಯವರು ನನ್ನ ಮುಖ ನೋಡುತ್ತಾರೆ, ನಾನು ಅವನ ಮುಖ ನೋಡುತ್ತೇನೆ. ಮರುದಿನ ಅದು ಯಾವುದೋ ತೋಡಿನ ಬದಿಯಲ್ಲಿ, ಹಡಿಲು ಬಿದ್ದ ಗದ್ದೆಯಲ್ಲಿ ಕಾಣಿಸುತ್ತದೆ. ಕಟ್ಟಡ ತ್ಯಾಜ್ಯದ ನಿರ್ವಹಣೆಗೆ 2016ರಲ್ಲೇ ಕೇಂದ್ರ ಸರಕಾರ ನಿಯಮ ತಂದಿತ್ತು. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳು ಈ ತ್ಯಾಜ್ಯವನ್ನು ಹಾಕಬೇಕಾದ ಜಾಗ ಯಾವುದು, ಲೋಡಿಗೆ ಎಷ್ಟು ಶುಲ್ಕ ಎಂದು ವಾರ್ಡ್‌ವಾರು ಫಲಕ ಹಾಕಿ ತಿಳಿಸಲಿ. ಗುತ್ತಿಗೆದಾರರು ದರಪಟ್ಟಿಯಲ್ಲಿ ಅಂಟಿನ ಟೈಪನ್ನೂ ಅದರ ಕೆಳಗೇ ಆ ಸಾಗಾಟದ ಖರ್ಚನ್ನೂ ನಮೂದಿಸಲಿ. ಒಡೆಯಲೇಬೇಕಾದ ನೆಲವನ್ನು ಬರೀ ಮಣ್ಣು ಸಾಗಿಸುವ ತಲೆನೋವಿಗೆ ಮುಚ್ಚಿಸುವವರಾದರೂ ಕಡಿಮೆಯಾದಾರು.

– ಒಬ್ಬ ಟೈಲ್ಸ್ ಮೇಸ್ತ್ರಿ, ಅಂಬಲಪಾಡಿ, ಉಡುಪಿ